ವಂಶಾವಳಿ ಹುಡುಕುವವರಿಗೆ ಕೋಲಾರ ಜಿಲ್ಲೆಯ ದಾಖಲೆ ಸೇವೆ ಎಷ್ಟು ಉಪಯುಕ್ತ?

ಶಾಲೆಗೋ ಪಾಸ್‌ಪೋರ್ಟಿಗೋ ಜನನ ಪ್ರಮಾಣಪತ್ರ ಬೇಕಾದವರಿಗೆ ಕೋಲಾರ ಜಿಲ್ಲೆಯಲ್ಲಿ ಈಗ ದೊಡ್ಡ ತೊಡಕಿಲ್ಲ. ಆದರೆ ಮುತ್ತಜ್ಜನ ಕಾಲದವರೆಗೆ ಮನೆತನದ ಎಳೆ ಹಿಡಿದು ಹೋಗಬೇಕೆನ್ನುವವರಿಗೆ ಅದೇ ಸೇವೆ ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತದೆ. ನಮ್ಮ ತಂದೆಯ ಕಡೆಯ ವಂಶಾವಳಿಗಾಗಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ಬಳಸಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿನ ಹಳೆಯ ರಿಜಿಸ್ಟರುಗಳು ಗ್ರಾಮವಾರು, ವರ್ಷವಾರು ಇವೆ, ಹೆಸರಿನ ಸೂಚಿಯಿಲ್ಲ. ಹುಡುಕಾಟದ ಶುಲ್ಕವೂ ವರ್ಷದ ಲೆಕ್ಕದಲ್ಲೇ ಇರುವುದರಿಂದ, ಅಂದಾಜು ವರ್ಷವನ್ನಾದರೂ ಮನೆಯ ಹಿರಿಯರಿಂದ ತಿಳಿದುಕೊಂಡು ಹೋಗಬೇಕು. ನಾಮಕರಣಕ್ಕೆ ಮೊದಲೇ ನೋಂದಣಿಯಾದ ಮಕ್ಕಳ ವಿಷಯದಲ್ಲಿ 'ಗಂಡು', 'ಹೆಣ್ಣು' ಎಂದಷ್ಟೇ ಬರೆದಿದ್ದು, ತಂದೆಯ ಹೆಸರಿನಿಂದಲೇ ಗುರುತು ಹಿಡಿಯಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಊರಿನ ಆಯ್ಕೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಆಗುವುದು ಘಟನೆ ನಡೆದ ಸ್ಥಳದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವ ನಮ್ಮ ಕಡೆಯ ಪದ್ಧತಿಯಲ್ಲಿ, ಮನೆಯ ಹಿರಿಯ ಮಗನ ಜನನ ಸ್ವಂತ ಊರಿನ ಪುಸ್ತಕದಲ್ಲಿ ಇರುವ ಸಂಭವವೇ ಕಡಿಮೆ. ದೊಡ್ಡಪ್ಪನವರ ಜನನದ ನಮೂದಿಗಾಗಿ ಅರ್ಜಿ ಕೊಟ್ಟಾಗ ಅಲ್ಲಿನ ಗುಮಾಸ್ತರು ಮೊದಲು ಕೇಳಿದ್ದೇ "ನಿಮ್ಮ ಅಜ್ಜಿಯವರ ತವರೂರು ಯಾವುದು?" ಎಂದು. ಆ ಒಂದು ಪ್ರಶ್ನೆಯಿಂದ ನಮೂದು ಸಿಕ್ಕಿತು. ಇಂಥ ತಿಳಿವಳಿಕೆಯುಳ್ಳ ಸಿಬ್ಬಂದಿ ಇರುವುದೇ ಈ ಸೇವೆಯ ದೊಡ್ಡ ಬಲವೆಂದು ನಾನು ಮನಸಾರೆ ಹೇಳುತ್ತೇನೆ. ಮರಣದ ವಿಷಯದಲ್ಲೂ ಹೀಗೆಯೇ: ಹಳ್ಳಿಯವರು ಕೋಲಾರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಹಳ್ಳಿಯ ಪುಸ್ತಕವನ್ನು ತಿರುವಿ ಫಲವಿಲ್ಲ. ಮರಣದ ಕಾರಣವನ್ನು ನಕಲಿನಲ್ಲಿ ತೋರಿಸಲು ಅದೇ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂಬುದೂ ಗೊತ್ತಿರಲಿ.

ಮದುವೆಯ ದಾಖಲೆ ಹಳೆಯ ತಲೆಮಾರಿಗೆ ಸಿಗುವುದು ಅಪರೂಪ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ತೀರ ಈಚಿನದು. ಮನೆಯ ಅಟ್ಟದಲ್ಲಿರುವ ಲಗ್ನಪತ್ರಿಕೆ, ಮುಯ್ಯಿ ಬರೆದಿಟ್ಟ ಪುಸ್ತಕ ಇವುಗಳೇ ಹೆಚ್ಚು ಹೇಳುತ್ತವೆ. ಮುಯ್ಯಿ ಪುಸ್ತಕದಲ್ಲಿ ನೆಂಟರ ಹೆಸರಿನೊಂದಿಗೆ ಅವರ ಊರೂ ಇರುತ್ತದೆ.

ನಿಜವಾಗಿ ಹಿಂದಿನ ತಲೆಮಾರುಗಳನ್ನು ಜೋಡಿಸಿಕೊಟ್ಟದ್ದು ಜಮೀನಿನ ಕಾಗದಗಳು. ಪೌತಿ ಖಾತೆಯ ಮ್ಯುಟೇಶನ್‌ನಲ್ಲಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಿದ ದಾಖಲೆಯಲ್ಲಿ, ತೀರಿಕೊಂಡವರ ಹೆಸರು, ವಾರಸುದಾರರ ಹೆಸರು, ಅವರ ಸಂಬಂಧ ಒಂದೇ ಕಡೆ ಸಿಗುತ್ತವೆ. 1963ರಲ್ಲಿ ಶಾನುಭೋಗಿಕೆ (ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಹುದ್ದೆ) ರದ್ದಾಗುವುದಕ್ಕೆ ಮುಂಚಿನ ಕೈಬರಹ ಓದುವುದು ಕಷ್ಟ. ಊರಿನ ಹಳೆಯ ಲೆಕ್ಕ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ನಾನು ಕಂಡ ಕೊರತೆ ಒಂದೇ, ಆದರೆ ಚಿಕ್ಕದಲ್ಲ. ಅಂಚು ಪುಡಿಯಾಗುತ್ತಿರುವ ಪುಸ್ತಕಗಳನ್ನು ಪ್ರತಿ ಅರ್ಜಿಗೂ ಬರಿಗೈಯಲ್ಲೇ ತಿರುವಲಾಗುತ್ತಿದೆ. ಅವುಗಳ ಸ್ಕ್ಯಾನಿಂಗ್ ತಡವಾದಷ್ಟೂ ಕೆಲವು ಮನೆತನಗಳ ಏಕೈಕ ಸಾಕ್ಷಿ ಇಲ್ಲವಾಗುತ್ತದೆ ಎಂಬ ಕಳವಳ ನನ್ನದು.

ನಮೂದು ಸಿಗದಿದ್ದರೆ ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ, ಯಾವ ಗ್ರಾಮದ ಯಾವ ವರ್ಷಗಳಲ್ಲಿ ಹುಡುಕಲಾಯಿತು ಎಂಬ ವಿವರದೊಂದಿಗೆ ಲಭ್ಯವಿಲ್ಲವೆಂಬ ಪತ್ರವನ್ನು ಕೇಳಿ ಪಡೆಯಿರಿ; ಮುಂದಿನ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬುದು ಆಗ ನಿಮಗೂ ನಿಮ್ಮ ಮಕ್ಕಳಿಗೂ ಸ್ಪಷ್ಟವಾಗಿರುತ್ತದೆ.