ನರ್ಸಿಂಗ್ ಕ್ಲಾಸ್ ಶುರುವಾಗೋ ಮುಂಚೆ: ದಪ್ಪ ಪುಸ್ತಕ, ಪಿಯುಸಿ ಬುಕ್ಕು, ವಿಡಿಯೋ, ಬಿಪಿ ಮೆಷಿನ್ – ಯಾವುದು ಉಪಯೋಗಕ್ಕೆ ಬಂತು?

ಸೀಟು ಸಿಕ್ಕಿ ಫೀ ಕಟ್ಟಿ ಆದಮೇಲೆ ಕ್ಲಾಸ್ ಶುರುವಾಗುವವರೆಗೆ ಒಂದಿಷ್ಟು ಖಾಲಿ ದಿನ ಸಿಗುತ್ತವೆ. ಈ ಸಲ ಬಿಎಸ್ಸಿ ನರ್ಸಿಂಗ್ ಸೇರುತ್ತಿರುವ ನಮ್ಮೂರ ಹುಡುಗಿಯರು ಕೇಳುವುದು ಒಂದೇ: "ಅಕ್ಕಾ, ಈಗ್ಲೇ ಏನಾದ್ರೂ ಓದ್ಬೇಕಾ?" ನಾನು ಸೇರುವಾಗ ಆ ಬಿಡುವಿನಲ್ಲಿ ಎಲ್ಲದಕ್ಕೂ ಕೈ ಹಾಕಿ ನೋಡಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷಿಗೆ ಬಿದ್ದವರ ಕಣ್ಣಿನಿಂದ ಇದನ್ನು ಓದಿಕೊಳ್ಳಿ.

ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಸಿಲಬಸ್ ಬದಲಿಸಿದ ಮೇಲೆ ಕೋರ್ಸು 8 ಸೆಮಿಸ್ಟರ್ ಆಗಿದೆ. ಮೊದಲ ಸೆಮಿಸ್ಟರಿನಲ್ಲಿ ಕಮ್ಯುನಿಕೇಟಿವ್ ಇಂಗ್ಲಿಷ್, ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ), ಸೋಷಿಯಾಲಜಿ, ಸೈಕಾಲಜಿ, ನರ್ಸಿಂಗ್ ಫೌಂಡೇಶನ್ ಇರುತ್ತವೆ. ಎಲ್ಲರೂ ಹೆದರುವುದು ಅನಾಟಮಿ, ಫಿಸಿಯಾಲಜಿಗೆ. ಹಾಗಾಗಿ ಹೃದಯ ಅನ್ನುವ ಒಂದೇ ವಿಷಯ ಹಿಡಿದು ಬೇರೆ ಬೇರೆ ಕಡೆ ಓದಿ ನೋಡಿದೆ. ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ರಕ್ತ ಹರಿಯುವ ದಾರಿಯನ್ನು ಬಾಣ ಹಾಕಿ ಬರೆಯೋಕೆ ಬಂದರೆ ಪಾಸು.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ದಪ್ಪ ಫಾರಿನ್ ಪುಸ್ತಕದ ಚಿತ್ರಗಳು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೃದಯದ ಗೋಡೆಯ ಪದರ, ಅದಕ್ಕೇ ರಕ್ತ ಕೊಡುವ ಕೊರೊನರಿ ಆರ್ಟರಿ, ವಿದ್ಯುತ್ ಸಂಚಾರ ಎಲ್ಲ ಒಟ್ಟಿಗೇ ಮೈಮೇಲೆ ಬರುತ್ತವೆ. ಪ್ರತಿ ಸಾಲಿಗೂ ಡಿಕ್ಷನರಿ ತೆಗೆಯಬೇಕು. ಕ್ಲಾಸ್ ಶುರುವಾದ ಮೇಲೆ ಅದೇ ಪುಸ್ತಕ ನನಗೆ ಅಚ್ಚುಮೆಚ್ಚಾಯಿತು ಅನ್ನುವುದು ಬೇರೆ ಮಾತು. ಮುಂಚೆ ಓದೋಕೆ ಅದು ಅಲ್ಲ. ಪರೀಕ್ಷೆಗೆಂದೇ ಬರೆದ ತೆಳ್ಳನೆಯ ಗೈಡಿನಲ್ಲಿ ಉಲ್ಟಾ ಸಮಸ್ಯೆ. ಎಲ್ಲ ಪಾಯಿಂಟು ಪಾಯಿಂಟಾಗಿ ಇದೆ, ಯಾಕೆ ಅನ್ನುವುದು ಮಾತ್ರ ಇಲ್ಲ. ಪಲ್ಮನರಿ ಆರ್ಟರಿಯಲ್ಲಿ ಅಶುದ್ಧ ರಕ್ತ ಹರಿಯುತ್ತದೆ ಅಂತ ಒಂದು ಸಾಲು ಹೇಳಿ ಮುಂದಕ್ಕೆ ಓಡುತ್ತದೆ. ಹೃದಯದಿಂದ ಹೊರಗೆ ಒಯ್ಯುವುದೆಲ್ಲ ಆರ್ಟರಿ, ಒಳಗೆ ತರುವುದೆಲ್ಲ ವೇನ್ ಅಂತ ಒಂದು ಮಾತು ಸೇರಿಸಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಯೂಟ್ಯೂಬ್ ವಿಡಿಯೋದಲ್ಲಿ ಕವಾಟ ತೆರೆದು ಮುಚ್ಚುವುದು ಕಣ್ಣಿಗೇ ಕಾಣುತ್ತದೆ, ಇದನ್ನು ಯಾವ ಪುಸ್ತಕವೂ ಕೊಡಲ್ಲ. ನೋಡುವಾಗ ಎಲ್ಲಾ ಅರ್ಥವಾದಂತೆ ಇರುತ್ತದೆ, ಫೋನ್ ಪಕ್ಕಕ್ಕಿಟ್ಟು ಪೆನ್ನು ಹಿಡಿದರೆ ರೈಟ್ ಏಟ್ರಿಯಂ (ಹೃದಯದ ಬಲ ಮೇಲಿನ ಕೋಣೆ) ದಾಟಿ ಮುಂದೆ ಕೈ ಹೋಗಲ್ಲ. ಕೊನೆಗೆ ಗೆದ್ದಿದ್ದು ರದ್ದಿಗೆ ಹಾಕೋಕೆ ಕಟ್ಟಿಟ್ಟಿದ್ದ ಪ್ರಥಮ ಪಿಯುಸಿ ಬಯಾಲಜಿ ಪುಸ್ತಕ. ರಕ್ತ ಪರಿಚಲನೆಯ ಪಾಠ ಕೆಲವೇ ಪುಟ, ಪದಗಳೂ ಪರಿಚಯದವು. ಮೊದಲು ಅದನ್ನು ಓದಿ, ವಿಡಿಯೋ ನೋಡಿ, ಆಮೇಲೆ ಬರೆದರೆ ವೆಂಟ್ರಿಕಲ್ (ಕೆಳಗಿನ ಕೋಣೆ), ಶ್ವಾಸಕೋಶ, ಮೈಟ್ರಲ್ ಕವಾಟ, ಅಯೋರ್ಟಾ (ಮಹಾಪಧಮನಿ) ಎಲ್ಲ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಒಂದೇ ತೊಂದರೆ, ಈ ಪುಸ್ತಕದ ಈಚಿನ ಎನ್‌ಸಿಇಆರ್‌ಟಿ ಮುದ್ರಣದಲ್ಲಿ ಜೀರ್ಣಕ್ರಿಯೆಯ ಪಾಠ ತೆಗೆದಿದ್ದಾರೆ. ಅದಕ್ಕೆ ಹಳೇ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಇಸಕೊಳ್ಳಿ.

ಇಂಗ್ಲಿಷಿಗೆ ಹೆಚ್ಚು ಹೇಳಲ್ಲ. ಪೇಟೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಸೆಲ್ಫ್ ಇಂಟ್ರೊಡಕ್ಷನ್ ದಾಟಿ ನಾವು ಮುಂದೆ ಹೋಗಲೇ ಇಲ್ಲ. ಮನೆಯಲ್ಲಿದ್ದ ಅಜ್ಜಿಯ ಡಿಸ್ಚಾರ್ಜ್ ಸಮರಿಯನ್ನು ಜೋರಾಗಿ ಓದಿ, ಔಷಧದ ಮುಂದೆ ಬರೆಯುವ BD ಅಂದರೆ ದಿನಕ್ಕೆ ಎರಡು ಸಲ, TDS ಅಂದರೆ ಮೂರು ಸಲ ಅಂತ ಬಿಡಿಸಿಕೊಂಡಿದ್ದು ವಾರ್ಡಿನಲ್ಲಿ ನೇರ ಉಪಯೋಗಕ್ಕೆ ಬಂತು. ಮಾತಾಡೋ ಇಂಗ್ಲಿಷು ಕೇರಳದ ರೂಮ್‌ಮೇಟ್ ಜೊತೆ ತಾನಾಗೇ ಬರುತ್ತೆ, ಬಿಡಿ.

ನನ್ನ ಮಟ್ಟಿಗೆ ನಿಜವಾದ ಪೈಪೋಟಿ ಇದ್ದದ್ದು ಬಿಪಿ ನೋಡುವುದರಲ್ಲಿ. ಅಪ್ಪನಿಗೆ ಬಿಪಿ ಇರುವುದರಿಂದ ಡಿಜಿಟಲ್ ಮೆಷಿನ್ ಮನೆಯಲ್ಲೇ ಇತ್ತು. ಪಕ್ಕದಲ್ಲಿಟ್ಟು ನೋಡೋಣ ಅಂತ ಗಡಿಯಾರದಂಥ ಮುಳ್ಳಿರುವ ಅನೆರಾಯ್ಡ್ ಒಂದನ್ನೂ ಸಾದಾ ಸ್ಟೆತಸ್ಕೋಪನ್ನೂ ತರಿಸಿದೆ. ಡಿಜಿಟಲ್ಲಿಗೆ ಬಟನ್ ಒತ್ತಿದರೆ ಸಾಕು, ನಂಬರ್ ಬರುತ್ತೆ. ಮನೆಯವರಿಗೆ ಅದೇ ಸರಿ. ಕಲಿಯುವವರಿಗೆ ಅದು ಏನೂ ಕಲಿಸಲ್ಲ.

ಅನೆರಾಯ್ಡ್ ಮೊದಲು ಸತಾಯಿಸುತ್ತದೆ. ಗಾಳಿ ತುಂಬುವ ಮುಂಚೆ ಮುಳ್ಳು ಸೊನ್ನೆಯ ಮೇಲೆ ಇದೆಯಾ ನೋಡಬೇಕು. ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್ಫಿನ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಬೇಕು. ಸ್ಟೆತಸ್ಕೋಪಿನ ಕಿವಿ ತುದಿಗಳು ಮೂಗಿನ ಕಡೆಗೆ ಮುಖ ಮಾಡಿರಬೇಕು. ತಿರುಗಾಮುರುಗಾ ಹಾಕಿಕೊಂಡರೆ ಏನೂ ಸರಿಯಾಗಿ ಕೇಳಲ್ಲ. ಮಣಿಕಟ್ಟಿನ ನಾಡಿ ಹಿಡಿದುಕೊಂಡೇ ಪಂಪ್ ಮಾಡಿ, ನಾಡಿ ಮಾಯವಾದ ಮೇಲೆ ಇನ್ನೂ 30 ಏರಿಸಿ, ಸೆಕೆಂಡಿಗೆ 2–3ರಂತೆ ಮುಳ್ಳು ಇಳಿಯುವ ಹಾಗೆ ಗಾಳಿ ಬಿಡಬೇಕು. ಮೊದಲು ಕೇಳುವ ಟಕ್ ಮೇಲಿನ ಬಿಪಿ, ಸದ್ದು ನಿಂತುಹೋಗುವ ಜಾಗ ಕೆಳಗಿನದು. ಇದರಲ್ಲಿ ಕಷ್ಟವಿರುವುದು ಹೆಬ್ಬೆರಳಿಗೆ. ಗಾಳಿ ಬಿಡುವ ಸ್ಕ್ರೂ ಸ್ವಲ್ಪ ಜಾಸ್ತಿ ತಿರುಗಿದರೆ ಮುಳ್ಳು ಬುಸ್ ಅಂತ ಕೆಳಗಿಳಿದು ಸದ್ದೆಲ್ಲ ಕೈತಪ್ಪುತ್ತದೆ. ಮತ್ತೆ ಮಾಡೋಕೆ ಒಂದೆರಡು ನಿಮಿಷ ಕಾಯಬೇಕು. ಅಜ್ಜಿಯದು ಕಡ್ಡಿಯಂಥ ತೋಳು, ದೊಡ್ಡ ಕಫ್ ಸುತ್ತಿದರೆ ಜಾರುತ್ತಿತ್ತು. "ಸಾಕು ಬಿಡೇ, ಕೈ ಜೋಮು ಹಿಡೀತು" ಅಂತ ಅವಳ ಗೊಣಗಾಟ ಬೇರೆ. ಮಾತಾಡಿದರೂ ಬಿಪಿ ಏರುತ್ತದೆ ಅಂತ ಅವಳಿಗೆ ಹೇಳೋರು ಯಾರು?

ಕ್ಲಾಸಿನಲ್ಲಿ ಬಿಪಿ ಪ್ರಾಕ್ಟಿಕಲ್ ಬಂದಾಗ ಅರ್ಧ ಜನ ಸದ್ದೇ ಕೇಳ್ತಿಲ್ಲ ಅಂತ ಒದ್ದಾಡುವಾಗ ನನಗೆ ಆ ಟಕ್ ಪರಿಚಯವಿತ್ತು. ಅನಾಟಮಿ ಹೇಗೂ ಮೇಡಂ ಮೊದಲಿಂದ ಪಾಠ ಮಾಡುತ್ತಾರೆ. ಕಿವಿಗೂ ಬೆರಳಿಗೂ ಅಭ್ಯಾಸ ಆಗೋಕೆ ಮಾತ್ರ ಮನೆಯಲ್ಲಿ ಸಿಗುವಷ್ಟು ಪುರುಸೊತ್ತು ಅಲ್ಲಿ ಸಿಗಲ್ಲ. ದುಡ್ಡು ಒಂದಕ್ಕೇ ಇದ್ದರೆ ಅನೆರಾಯ್ಡ್, ಸ್ಟೆತಸ್ಕೋಪ್ ತಗೊಳ್ಳಿ. ದಪ್ಪ ಪುಸ್ತಕ ಲೈಬ್ರರಿಯಲ್ಲಿ ಸಿಗುತ್ತದೆ. ಲಿಟ್ಮನ್ ಬ್ರ್ಯಾಂಡಿನದೇ ಬೇಕು ಅಂತ ಹಟ ಬೇಡ, ಕಲಿಯೋಕೆ ಸಾದಾ ಸ್ಟೆತಸ್ಕೋಪ್ ಸಾಕು.

ಶೂ, ಯೂನಿಫಾರ್ಮ್ ಈಗಲೇ ಕೊಳ್ಳಬೇಡಿ, ಒಂದೊಂದು ಕಾಲೇಜಿನದು ಒಂದೊಂದು ರೂಲು. ಹೆಪಟೈಟಿಸ್ ಬಿ ಲಸಿಕೆಗೆ ಮಾತ್ರ ಕಾಯಬೇಡಿ. ಚಿಕ್ಕಂದಿನಲ್ಲಿ ಹಾಕಿಸಿದ್ದಾರಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ, ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಶುರು ಮಾಡಿ. ಮೊದಲ ಡೋಸ್ ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಈಗ ಶುರು ಮಾಡಿದರೆ ವಾರ್ಡ್ ಪೋಸ್ಟಿಂಗ್ ಬರುವ ಹೊತ್ತಿಗೆ ಎರಡಾದರೂ ಮುಗಿದಿರುತ್ತವೆ.