ಜಿಂಕೆಗಳ ಮೇವಿಗೆ ಯಾವ ಕ್ಲೋವರ್? ಮೂರು ಬಗೆಯ ಬೀಜ ಬಿತ್ತಿ ಕಂಡದ್ದು

ಉತ್ತರ ಪೆನ್ಸಿಲ್ವೇನಿಯಾದ ಗುಡ್ಡವೊಂದರ ಮಗ್ಗುಲಲ್ಲಿ ನಮಗಿರುವ ಆರು ಎಕರೆಯ ಪೈಕಿ ಅರ್ಧ ಎಕರೆಯನ್ನು ಬಿಳಿಬಾಲದ ಜಿಂಕೆಗಳ ಮೇವಿಗೆಂದು ಬಿಟ್ಟು ನಾಲ್ಕು ವರ್ಷಗಳಾದವು. ಮೊದಲ ವರ್ಷ ಕೊಂಬಿನ ಚಿತ್ರವಿದ್ದ ಹೊಳಪಿನ ಚೀಲದ ಕ್ಲೋವರ್ (ಮೂರೆಲೆಯ ಒಂದು ದ್ವಿದಳ ಮೇವಿನ ಗಿಡ) ಬೀಜದ ಮಿಶ್ರಣವನ್ನು ಬಿತ್ತಿದೆ. ಎರಡನೆಯ ವರ್ಷ ಹೊಲವನ್ನು ಎರಡು ಪಾಲು ಮಾಡಿ ಒಂದರಲ್ಲಿ ಕೆಂಪು ಕ್ಲೋವರನ್ನೂ ಇನ್ನೊಂದರಲ್ಲಿ ಲಡೀನೊ ಎಂಬ ದೊಡ್ಡೆಲೆಯ ಬಿಳಿ ಕ್ಲೋವರನ್ನೂ ಹಾಕಿದೆ. ಇನ್ನು ಮುಂದೆ ನಾನು ಕೊಳ್ಳುವುದು ಲೇಪನವಿಲ್ಲದ ಲಡೀನೊ ಬೀಜವನ್ನೇ. ಆ ನಿರ್ಧಾರಕ್ಕೆ ಬರಲು ಮೊದಲ ಚೀಲದಲ್ಲಿ ಕಳೆದುಕೊಂಡ ಹಣವೂ ಒಂದು ಬೇಸಿಗೆಯೂ ಕಾರಣ.

ಆ ಚೀಲದ ತೂಕ ನಾಲ್ಕು ಪೌಂಡ್, ಬೆಲೆ ನಲವತ್ತು ಡಾಲರ್. ಅರ್ಧ ಎಕರೆಗೆ ಸಾಕು ಎಂದು ಮುಂಭಾಗದಲ್ಲಿ ದೊಡ್ಡಕ್ಷರಗಳಲ್ಲಿ ಬರೆದಿತ್ತು. ಹಿಂಭಾಗಕ್ಕೆ ಹೊಲಿದಿದ್ದ ಚಿಕ್ಕ ಚೀಟಿಯನ್ನು ನಾನು ಓದಿದ್ದು ಬಿತ್ತನೆ ಮುಗಿದು ಎರಡು ತಿಂಗಳಾದ ಮೇಲೆ. ಅಮೆರಿಕದಲ್ಲಿ 1939ರ ಫೆಡರಲ್ ಬೀಜ ಕಾಯಿದೆಯ ಕಾಲದಿಂದಲೂ ಮಾರಾಟದ ಬೀಜದ ಚೀಟಿಯಲ್ಲಿ ಶುದ್ಧ ಬೀಜದ ಪ್ರಮಾಣ, ಮೊಳಕೆಯ ಪ್ರಮಾಣ, ಕಳೆಬೀಜದ ಪ್ರಮಾಣ ಮತ್ತು ಪರೀಕ್ಷೆಯ ದಿನಾಂಕ ಇರಲೇಬೇಕು. ನನ್ನ ಚೀಟಿಯ ಪ್ರಕಾರ ತೂಕದ ಶೇ. 34ರಷ್ಟು ಸುಣ್ಣದ ಲೇಪನ, ಶೇ. 64.5ರಷ್ಟು ಶುದ್ಧ ಬೀಜ, ಮೊಳೆಯಬಲ್ಲ ಬೀಜ ಅದರಲ್ಲಿ ಶೇ. 90. ಈ ಎರಡು ಅಂಕಿಗಳನ್ನು ಗುಣಿಸಿದರೆ ಚೀಲದ ಶೇ. 58ರಷ್ಟು ಮಾತ್ರ ಜೀವವಿರುವ ಬೀಜವಾಗುತ್ತದೆ. ಅಂದರೆ ನಾಲ್ಕು ಪೌಂಡಿನಲ್ಲಿ ಸುಮಾರು 2.3 ಪೌಂಡ್, ಪೌಂಡೊಂದಕ್ಕೆ ಹದಿನೇಳು ಡಾಲರಿಗೂ ಹೆಚ್ಚು. ಹತ್ತಿರದ ಊರಿನ ಹಿಟ್ಟು-ಮೇವಿನ ಗಿರಣಿಯಲ್ಲಿ ಸಡಿಲವಾಗಿ ಅಳೆದು ಕೊಡುವ ಲಡೀನೊ ಬೀಜಕ್ಕೆ ಇದೇ ಲೆಕ್ಕ ಹಾಕಿದಾಗ ಪೌಂಡಿಗೆ ಏಳು ಡಾಲರ್ ಬಂತು.

ಲೇಪನಕ್ಕೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕ್ಲೋವರ್ ಬೀಜ ಎಷ್ಟು ಸಣ್ಣದೆಂದರೆ ಬಿಳಿ ಕ್ಲೋವರಿನ ಒಂದು ಪೌಂಡಿನಲ್ಲಿ ಸುಮಾರು ಎಂಟು ಲಕ್ಷ ಬೀಜಗಳಿರುತ್ತವೆ. ಲೇಪಿಸಿದ ಬೀಜ ಕೈಗೆ ಸಿಗುತ್ತದೆ, ನೆಲದ ಮೇಲೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಜೊತೆಗೆ ಬೇರುಗಂಟು ಕಟ್ಟುವ ರೈಜೋಬಿಯಂ ಅಣುಜೀವಿಯನ್ನು ಆ ಪದರವೇ ಹೊತ್ತಿರುತ್ತದೆ. ತೊಂದರೆಯ ಮೂಲವೂ ಅಲ್ಲೇ ಇದೆ, ಏಕೆಂದರೆ ಆ ಅಣುಜೀವಿ ಅಂಗಡಿಯ ಬಿಸಿಯಲ್ಲಿ ದಿನದಿಂದ ದಿನಕ್ಕೆ ಸಾಯುತ್ತದೆ. ನನ್ನ ಚೀಟಿಯಲ್ಲಿ ಅದರ ಅವಧಿ ಮುಗಿದು ಐದು ತಿಂಗಳಾಗಿತ್ತು. ಜುಲೈನಲ್ಲಿ ಹಳದಿಗಟ್ಟಿದ ಗಿಡಗಳನ್ನು ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳೇ ವಿರಳ, ಇದ್ದವುಗಳನ್ನು ಉಗುರಿನಿಂದ ಸೀಳಿದರೆ ಒಳಗೆ ಬಿಳಿ. ಸಾರಜನಕ ಹಿಡಿಯುತ್ತಿರುವ ಗಂಟಿನ ಒಳಗು ಗುಲಾಬಿಯಾಗಿರಬೇಕು. ಬಿತ್ತಿದ ಬೆಳಗಿನ ಇಬ್ಬನಿಗೆ ಲೇಪನ ತೇವವನ್ನೂ ಹೀರಿಕೊಂಡು, ಕೈಯಿಂದ ತಿರುಗಿಸುವ ಎರಚುವ ಯಂತ್ರದ ಕಂಡಿಯಲ್ಲಿ ಮೂರು ಸಲ ಗಟ್ಟಿಯಾಗಿ ಕಟ್ಟಿಕೊಂಡಿತು.

ಅದೇ ಬೇಸಿಗೆ ಮಣ್ಣನ್ನು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಳುಹಿಸಿದೆ. ರಸಸಾರ (pH) 5.4 ಎಂದು ಬಂತು, ಅಂದರೆ ಹುಳಿಮಣ್ಣು. ಕ್ಲೋವರಿಗೆ ಅದು ಆರನ್ನಾದರೂ ದಾಟಿರಬೇಕು. ಹಾಗಾಗಿ ಮೊದಲ ಬಿತ್ತನೆಯ ಸೋಲನ್ನೆಲ್ಲ ಚೀಲದ ಮೇಲೆ ಹೊರಿಸುವುದು ನ್ಯಾಯವಲ್ಲ, ಮಣ್ಣು ಪರೀಕ್ಷೆಗೆ ಮೊದಲು ಬೀಜ ಕೊಂಡ ತಪ್ಪು ನನ್ನದೇ. ಆದರೆ ಚೀಟಿಯ ಪ್ರಕಾರ ಮಿಶ್ರಣದ ಅರ್ಧದಷ್ಟು ಬೀಜ ಒಂದೇ ವರ್ಷ ಬಾಳುವ ಕ್ರಿಮ್ಸನ್ ಕ್ಲೋವರ್ ಆಗಿತ್ತು. ಏಪ್ರಿಲ್‌ನಲ್ಲಿ ಬಿತ್ತಿದ್ದು ಬೇಸಿಗೆಯಲ್ಲೇ ಹೂಬಿಟ್ಟು ಒಣಗಿತು. ಮಣ್ಣಿನ ಹುಳಿ ತಗ್ಗಿಸುವ ಯಾವ ಸುಣ್ಣವೂ ಅದಕ್ಕೆ ಪರಿಹಾರವಲ್ಲ.

ಆ ಶರತ್ಕಾಲದಲ್ಲಿ ಅರ್ಧ ಎಕರೆಗೆ ಒಂದೂವರೆ ಟನ್ ಕೃಷಿ ಸುಣ್ಣ ಹಾಕಿಸಿ, ಮುಂದಿನ ಮಾರ್ಚ್ ಮೊದಲ ವಾರದಲ್ಲಿ ಎರಡನೆಯ ಬಿತ್ತನೆ ಮಾಡಿದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ನೆಲ ಜೇನುಹುಟ್ಟಿನಂತೆ ಬಿರುಕುಬಿಟ್ಟಿರುವಾಗ ಬೀಜ ಎರಚಿದರೆ ಅದು ತಾನಾಗಿ ಕಾಲಂಗುಲದ ಆಳಕ್ಕೆ ಇಳಿಯುತ್ತದೆ, ಉಳುವ ಕೆಲಸವೇ ಇಲ್ಲ. ಟ್ರ್ಯಾಕ್ಟರ್ ಇಲ್ಲದ ನನಗೆ ಇದಕ್ಕಿಂತ ಹೊಂದುವ ವಿಧಾನ ಸಿಕ್ಕಿಲ್ಲ. ರೈಜೋಬಿಯಂ ಪುಡಿಯನ್ನು ಬೇರೆಯಾಗಿ ಕೊಂಡು, ಅರಸೀಕೆರೆಯ ನಮ್ಮ ಹೊಲದಲ್ಲಿ ಅಲಸಂದೆಗೂ ಹೆಸರಿಗೂ ಮಾಡುತ್ತಿದ್ದ ಬೀಜೋಪಚಾರವನ್ನೇ ಮಾಡಿದೆ. ಫೋನಿನಲ್ಲಿ ಅಪ್ಪ, "ಬೆಲ್ಲದ ನೀರು ಜಾಸ್ತಿಯಾದರೆ ಬೀಜ ಮುದ್ದೆ ಕಟ್ಟುತ್ತೆ ಕಣಪ್ಪ, ಬೀಜಕ್ಕೆ ಪುಡಿ ಅಂಟಿದರೆ ಸಾಕು" ಎಂದರು. ನ್ಯೂಜೆರ್ಸಿಯ ಭಾರತೀಯ ದಿನಸಿ ಅಂಗಡಿಯಿಂದ ತಂದ ಬೆಲ್ಲ ಕರಗಿಸಿ, ಪುಡಿ ಕಲಸಿ, ನೆರಳಿನಲ್ಲಿ ಆರಿಸಿ ಅದೇ ದಿನ ಎರಚಿದೆ. ಜುಲೈಗೆ ಎರಡೂ ಪಾಲುಗಳ ಬೇರುಗಂಟುಗಳು ಗುಲಾಬಿಯಾಗಿದ್ದವು.

ಕೆಂಪು ಕ್ಲೋವರ್ ಮೊದಲ ವರ್ಷ ಸ್ಪಷ್ಟವಾಗಿ ಮುಂದಿತ್ತು. ಬೇಗ ಮೊಳೆಯಿತು, ಆಳಕ್ಕಿಳಿದ ತಾಯಿಬೇರಿನಿಂದಾಗಿ ಆಗಸ್ಟ್ ತಿಂಗಳ ಒಣಹವೆಯಲ್ಲಿಯೂ ಹಸಿರಾಗಿಯೇ ನಿಂತಿತು. ಆಗ ಮೇಲ್ಬೇರಿನ ಲಡೀನೊ ಸೊರಗಿ ನೆಲಕ್ಕೆ ಒರಗಿತ್ತು. ಮರಳುಮಿಶ್ರಿತ ಇಳಿಜಾರಿನ ನೆಲವಿರುವವರು ಕೆಂಪನ್ನೇ ಆರಿಸಿಕೊಂಡರೆ ನಾನು ವಾದಿಸುವುದಿಲ್ಲ. ಆದರೆ ಹೂಬಿಟ್ಟ ಮೇಲೆ ಅದರ ಕಾಂಡ ಬಲಿತು ಒರಟಾಗುತ್ತದೆ, ಜಿಂಕೆಗಳು ತುದಿಯೆಲೆಯನ್ನು ಕಿತ್ತು ಉಳಿದದ್ದನ್ನು ಬಿಡುತ್ತವೆ, ಚಿಗುರು ಬೇಕೆಂದರೆ ಸರಿಯಾದ ಸಮಯಕ್ಕೆ ಕತ್ತರಿಸಬೇಕು. ತಿಂಗಳಿಗೆ ಎರಡು ವಾರಾಂತ್ಯ ಮಾತ್ರ ಮೂರು ಗಂಟೆ ಕಾರು ಓಡಿಸಿ ಅಲ್ಲಿಗೆ ಹೋಗುವ ನನಗೆ ಆ ಸಮಯ ಪ್ರತಿಸಲವೂ ತಪ್ಪಿತು. ಮೂರನೆಯ ವರ್ಷದ ಕೊನೆಗೆ ಕೆಂಪಿನ ಪಾಲು ಅರ್ಧಕ್ಕರ್ಧ ತೆಳುವಾಯಿತು. ಎರಡು-ಮೂರು ವರ್ಷವೇ ಅದರ ಸಹಜ ಆಯಸ್ಸು.

ಲಡೀನೊ ಹಾಗಲ್ಲ. ನೆಲದ ಮೇಲೆ ಹರಿಯುವ ಬಳ್ಳಿ ಗೆಣ್ಣುಗೆಣ್ಣಿಗೂ ಬೇರುಬಿಡುವುದರಿಂದ ಜಿಂಕೆಯ ಬಾಯಿಗೆ ಸಿಗುವುದು ಎಲೆ ಮತ್ತು ಎಳೆಯ ತೊಟ್ಟು ಮಾತ್ರ, ಮತ್ತು ತಿಂದಷ್ಟೂ ಅದು ಮತ್ತೆ ಚಿಗುರುತ್ತದೆ. ಜಿಂಕೆಗಳು ಎಷ್ಟು ಮೇಯುತ್ತವೆಂದು ತಿಳಿಯಲು ಎರಡೂ ಪಾಲಿನಲ್ಲಿ ಅವು ಬಾಯಿ ಹಾಕಲಾಗದಂತೆ ತಂತಿಬಲೆಯ ಒಂದೊಂದು ಪಂಜರ ನಿಲ್ಲಿಸಿದ್ದೇನೆ. ಮೂರನೆಯ ವರ್ಷದ ಜೂನ್‌ನಲ್ಲಿ ಲಡೀನೊ ಪಂಜರದ ಒಳಗೆ ಹತ್ತು ಅಂಗುಲ, ಹೊರಗೆ ಮೂರು ಅಂಗುಲ ಎತ್ತರವಿತ್ತು. ಕೆಂಪಿನಲ್ಲಿ ಒಳಗೂ ಹೊರಗೂ ಅಷ್ಟು ಅಂತರವಿರಲಿಲ್ಲ. ಹೆಣ್ಣು ಜಿಂಕೆಗಳು ಮರಿಗಳಿಗೆ ಹಾಲೂಡಿಸುವ, ಗಂಡುಗಳಿಗೆ ಕೊಂಬು ಬೆಳೆಯುವ ಈ ತಿಂಗಳುಗಳಲ್ಲಿ ಎಲೆ ಎಳೆಯದಾಗಿ ಸಿಗುವುದೇ ನನಗೆ ಮುಖ್ಯ. ನಾನು ಬೇಟೆಯಾಡುವವನಲ್ಲ, ಸಂಜೆ ಮೂರು ಮರಿಗಳು ಕಾಡಂಚಿನಿಂದ ಹೊರಬಂದು ಮೇಯುವುದನ್ನು ನೋಡುವುದಕ್ಕೇ ಈ ದುಡಿಮೆಯೆಲ್ಲ.

ಲಡೀನೊದಲ್ಲಿ ಹುಲ್ಲು ನುಗ್ಗುತ್ತದೆ. ಕ್ಲೆಥೋಡಿಮ್ ಎಂಬ ಕಳೆನಾಶಕವನ್ನು ಅದರ ಚೀಟಿಯಲ್ಲಿರುವ ಪ್ರಮಾಣದಲ್ಲಿ ವರ್ಷಕ್ಕೊಮ್ಮೆ ಸಿಂಪಡಿಸಿದರೆ ಹುಲ್ಲು ಮಾತ್ರ ಸಾಯುತ್ತದೆ.

ನನ್ನ ವಾರ್ಷಿಕ ಮಿತಿ ನೂರು ಡಾಲರ್. ಬರುವ ಫೆಬ್ರವರಿ ಕೊನೆಗೆ ತೆಳುವಾದ ಕೆಂಪಿನ ಪಾಲಿಗೆ ಎರಚಲು ಗಿರಣಿಯಿಂದ ಎರಡು ಪೌಂಡ್ ಲಡೀನೊ ತಂದಿಟ್ಟಿದ್ದೇನೆ. ರೈಜೋಬಿಯಂ ಪೊಟ್ಟಣವನ್ನು ಮಾತ್ರ ಬಿತ್ತುವ ವಾರವೇ, ದಿನಾಂಕ ನೋಡಿ ಕೊಳ್ಳುತ್ತೇನೆ.