ಜುಹು ಬಂಡೆಗಳ ನಡುವೆ ಇಳಿತದ ನಡಿಗೆ: ಒಮ್ಮೆ ಹೋಗಲೇಬೇಕು

ಕಡಲತೀರದುದ್ದಕ್ಕೂ ಕಟ್ಟುವ ಕೋಸ್ಟಲ್ ರೋಡ್ ವಿರೋಧಿಸಿದವರು ಸುಮ್ನೆ ಅಭಿವೃದ್ಧಿಗೆ ಅಡ್ಡಗಾಲು ಹಾಕ್ತಾರೆ ಅನ್ನುವ ಮಾತು ಮುಂಬೈಯಲ್ಲಿ ದಿನಾ ಕೇಳುತ್ತೇನೆ. ಹಾಗನ್ನುವವರು ಈ ನಡಿಗೆಗೆ ಮೊದಲು ಹೋಗಬೇಕು. ಸಮುದ್ರ ಇಳಿದಾಗ ತೆರೆದುಕೊಳ್ಳುವ ಬಂಡೆಗಳ ನಡುವೆ ಕರೆದುಕೊಂಡು ಹೋಗಿ, ಅಲ್ಲಿನ ಜೀವಿಗಳನ್ನು ಸ್ವಯಂಸೇವಕರು ತೋರಿಸುತ್ತಾರೆ. ನಾನು ಮಗಳನ್ನು ಕರೆದುಕೊಂಡು ಜುಹುಗೆ ಹೋಗಿದ್ದೆ.

ಒಂದು ಸಣ್ಣ ಹೊಂಡದ ಮುಂದೆ ಕೂರಿಸಿದರು. ನನಗೆ ಕಂಡಿದ್ದು ಪಾಚಿ ಮತ್ತು ಕೆಸರು ನೀರು. 'ನೆರಳು ಬೀಳಿಸಬೇಡಿ, ಸ್ವಲ್ಪ ಕಾಯಿರಿ' ಎಂದಳು ಮಾರ್ಗದರ್ಶಿ ಹುಡುಗಿ. ತಳದಲ್ಲಿದ್ದ ಶಂಖ ಮೆಲ್ಲಗೆ ನಡೆಯತೊಡಗಿತು. ಒಳಗೆ ಏಡಿ! ಪಕ್ಕದ ಬಂಡೆ ತುಂಬ ಹಸಿರು ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂತಿತ್ತು. ಅವು ಜೊವಾಂಥಿಡ್, ಹವಳದ ಸಂಬಂಧಿಗಳು. ಅವುಗಳ ಮೇಲೆ ಕಾಲಿಡಲು ಬಿಡಲಿಲ್ಲ. ಎತ್ತಿ ನೋಡಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿಸಿದರು. ಈ ಶಿಸ್ತು ನನಗೆ ತುಂಬಾ ಹಿಡಿಸಿತು.

ಕೋಸ್ಟಲ್ ರೋಡ್ ಹಾದುಹೋಗುವ ಹಾಜಿ ಅಲಿ, ವರ್ಲಿಯ ಬಂಡೆಗಳಲ್ಲಿ ಹವಳವೇ ಇತ್ತು. ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವ ರಕ್ಷಣೆಯೇ ಹವಳಕ್ಕೂ ಇದೆ. ಮೀನುಗಾರರು, ಪರಿಸರದವರು ಕೋರ್ಟಿಗೆ ಹೋದರು. 2019ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ರಸ್ತೆಗೆ ಕೊಟ್ಟಿದ್ದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ರದ್ದು ಮಾಡಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಕೆಲಸ ಮತ್ತೆ ಶುರುವಾಯಿತು. 2020ರಲ್ಲಿ 18 ಹವಳದ ಗುಂಪುಗಳನ್ನು ಬೇರೆಡೆಗೆ ಸಾಗಿಸಿದರು. ಅದರ ಜೊತೆಗಿದ್ದ ಸ್ಪಂಜು, ಏಡಿ, ಬಸವನಹುಳುಗಳನ್ನು ಯಾರು ಸಾಗಿಸುತ್ತಾರೆ, ಹೇಳಿ? ವರ್ಲಿಯ ಕೋಳಿ ಸಮುದಾಯದ ಮೀನುಗಾರರು ಪಟ್ಟು ಬಿಡದಿದ್ದಕ್ಕೇ, ಅವರ ದೋಣಿಗಳು ಹಾಯುವ ಕಡೆ ಈ ರಸ್ತೆಯ ಸೇತುವೆ ಕಂಬಗಳ ನಡುವಿನ ಅಂತರ 60 ಮೀಟರ್‌ನಿಂದ 120 ಮೀಟರ್‌ಗೆ ಏರಿತು. ವಿರೋಧದಿಂದ ಏನೂ ಆಗಲ್ಲ ಅನ್ನುವವರು ಇದನ್ನು ಗಮನಿಸಬೇಕು.

ನಡಿಗೆಯಲ್ಲಿ ಒಂದು ಕೊರತೆ ಇತ್ತು. ಜನ ಜಾಸ್ತಿ, ಮಾರ್ಗದರ್ಶಿ ಒಬ್ಬಳೇ. ಗಾಳಿಗೆ ಹಿಂದಿನವರಿಗೆ ಅರ್ಧ ಮಾತು ಕೇಳಲಿಲ್ಲ. ಮಕ್ಕಳಿದ್ದರೆ ಮುಂದೆಯೇ ನಿಲ್ಲಿ. ವಿವರಣೆ ಹಿಂದಿ, ಇಂಗ್ಲಿಷ್‌ನಲ್ಲಿತ್ತು. ಕೇಳಿದರೆ ಮರಾಠಿಯಲ್ಲೂ ಹೇಳುತ್ತಾರೆ.

ಚಪ್ಪಲಿ ಬೇಡ, ಜಾರದ ಶೂ ಹಾಕಿ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಬದಲಾಗುತ್ತೆ, ತಡವಾಗಿ ಹೋದರೆ ಬಂಡೆಗಳು ಮುಳುಗಿರುತ್ತವೆ. ಕಾಂದಿವಲಿ, ಬೊರಿವಲಿ ಕಡೆಯವರು ಒಂದು ಬೆಳಿಗ್ಗೆ ಚಾರ್‌ಕೋಪ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನೂ ನೋಡಿ ಬನ್ನಿ. ವರ್ಸೋವಾದಿಂದ ಉತ್ತರಕ್ಕೆ ಹೋಗುವ ಕೋಸ್ಟಲ್ ರೋಡ್‌ನ ಮುಂದಿನ ಭಾಗದಿಂದ 45,000ಕ್ಕೂ ಹೆಚ್ಚು ಕಾಂಡ್ಲಾ ಗಿಡಗಳಿಗೆ ಕುತ್ತು ಬಂದಿದೆ. ಅಲ್ಲಿನ ನಿವಾಸಿಗಳು ಬೀದಿಗಿಳಿದಿದ್ದಾರೆ. ಅವರ ಜೊತೆ ನಿಲ್ಲಲು ನಾನೂ ಹೋಗುತ್ತೇನೆ.